ಒಂದೇ ಭಾನುವಾರ ಇದೆ, ಯಾವ ಕೋಟೆಗೆ ಹೋಗೋಣ?

ಹೋದ ವರ್ಷ ದಸರಾ ರಜೆ ಶುರುವಾದಾಗ ನಮ್ಮ ಮನೆಯಲ್ಲಿ ಮೂರು ಬೇಡಿಕೆ ಬಂದವು. ಅಕ್ಕನ ಮಗಳಿಗೆ ಶಾಲೆಯಲ್ಲಿ ಓಬವ್ವನ ಪಾಠ ಆಗಿತ್ತು. ಆ ಕಿಂಡಿಯನ್ನು ಕಣ್ಣಾರೆ ನೋಡಲೇಬೇಕು ಅಂತ ಅವಳ ಹಟ. ಅಮ್ಮನಿಗೆ ಶ್ರೀರಂಗಪಟ್ಟಣದ ರಂಗನಾಥನ ದರ್ಶನ ಆಗಬೇಕಿತ್ತು. ಭಾವನಿಗೆ ಮಧುಗಿರಿ ಬೆಟ್ಟ ಹತ್ತುವ ಆಸೆ. ಮೂರೂ ಕೋಟೆಗಳೇ. ಮೂರೂ ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರುವಷ್ಟು ದೂರದಲ್ಲಿವೆ. ಆದರೆ ಮೂರರ ಸ್ವಭಾವವೂ ಬೇರೆ ಬೇರೆ. ಒಂದಕ್ಕೆ ಕಾಲು ಗಟ್ಟಿ ಇರಬೇಕು, ಒಂದಕ್ಕೆ ಎದೆ ಗಟ್ಟಿ ಇರಬೇಕು, ಇನ್ನೊಂದಕ್ಕೆ ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಆ ಚಳಿಗಾಲದಲ್ಲಿ ನಾವು ಮೂರಕ್ಕೂ ಒಂದೊಂದಾಗಿ ಹೋಗಿಬಂದೆವು. ಹತ್ತಿರದ ಒಂದೆರಡು ಚಿಕ್ಕ ಕೋಟೆಗಳನ್ನೂ ನೋಡಿದೆವು. ಈಗ ಯಾರಾದರೂ "ಒಂದು ದಿನ ಇದೆ, ಯಾವ ಕೋಟೆಗೆ ಹೋಗೋಣ?" ಅಂತ ಕೇಳಿದರೆ ನಾನು ಮೊದಲು ಕೇಳುವುದು, ಜೊತೆಗೆ ಯಾರು ಬರುತ್ತಾರೆ ಅಂತ. ಉತ್ತರ ಅದರಲ್ಲೇ ಮುಕ್ಕಾಲು ಸಿಕ್ಕಿಬಿಡುತ್ತದೆ.

ಎಲ್ಲರೂ ಮೂರು ಗಂಟೆ ಆರಾಮಾಗಿ ನಡೆಯುವವರಾದರೆ ಚಿತ್ರದುರ್ಗಕ್ಕೆ ಹೋಗಿ, ಬೇರೆ ಯೋಚನೆಯೇ ಬೇಡ. ಮಂಡಿ ನೋವಿನ ಅಜ್ಜಿ, ತಾತ ಇದ್ದರೆ ಶ್ರೀರಂಗಪಟ್ಟಣ. ಬೆಟ್ಟ ಹತ್ತುವುದೇ ಮುಖ್ಯ ಅನ್ನುವ ಗೆಳೆಯರ ಗುಂಪಾದರೆ ಮಧುಗಿರಿ. ಸಿಗುವುದು ಅರ್ಧ ದಿನ ಮಾತ್ರ ಅಂದರೆ ದೇವನಹಳ್ಳಿ. ಯಾಕೆ ಹೀಗೆ ಹೇಳುತ್ತೇನೆ ಅಂತ ಮುಂದೆ ಬಿಡಿಸಿ ಬರೆದಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ಒಂದು ದಿನಕ್ಕೆ ಒಂದೇ ಕೋಟೆ ಇಟ್ಟುಕೊಳ್ಳಿ. ಶ್ರೀರಂಗಪಟ್ಟಣ, ಮೈಸೂರು ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ಎಲ್ಲ ಒಂದೇ ದಿನ ಅಂತ ಪ್ಯಾಕೇಜ್ ಬಸ್ಸುಗಳು ಓಡಿಸುತ್ತವೆ. ಅದರಲ್ಲಿ ಕೋಟೆಯ ಪಾಲಿಗೆ ಬರುವುದು ಒಂದು ಫೋಟೋ ತೆಗೆಯುವಷ್ಟು ಹೊತ್ತು. ಕೋಟೆ ಅಂದರೆ ಒಂದು ಇಡೀ ಊರು ಬದುಕಿದ ಜಾಗ. ಬಾಗಿಲು ಎಲ್ಲಿ ತಿರುಗುತ್ತದೆ, ಧಾನ್ಯ ಎಲ್ಲಿ ಇಡುತ್ತಿದ್ದರು, ಮುಖ್ಯವಾಗಿ ನೀರು ಎಲ್ಲಿಂದ ಬರುತ್ತಿತ್ತು ಅಂತ ಹುಡುಕುತ್ತಾ ನಡೆದರೆ ಮಾತ್ರ ಅದು ಅರ್ಥವಾಗುತ್ತದೆ. ಮುತ್ತಿಗೆ ಹಾಕಿದ ಸೈನ್ಯ ತಿಂಗಳುಗಟ್ಟಲೆ ಹೊರಗೆ ಕೂತಾಗ ಒಳಗಿನವರನ್ನು ಉಳಿಸಿದ್ದು ಗೋಡೆಯಷ್ಟೇ ನೀರು ಕೂಡ. ನಾನು ಯಾವ ಕೋಟೆಗೆ ಹೋದರೂ ಮೊದಲು ನೀರನ್ನೇ ಹುಡುಕುತ್ತೇನೆ.

ಚಿತ್ರದುರ್ಗ: ದೂರ ಜಾಸ್ತಿ, ಆದರೂ ಮೊದಲ ಆಯ್ಕೆ

ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ತುಮಕೂರು, ಶಿರಾ, ಹಿರಿಯೂರು ದಾಟಿ ನೇರ ಹೆದ್ದಾರಿ. ಕಾರಿನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಈ ದೂರ ನೋಡಿಯೇ ತುಂಬಾ ಜನ ಹಿಂಜರಿಯುತ್ತಾರೆ. ಬೆಳಿಗ್ಗೆ 5 ಗಂಟೆಗೆ ಹೊರಟರೆ ಏನೂ ಕಷ್ಟವಿಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್ ಕೂಡ ಆ ಹೊತ್ತಿಗೆ ಖಾಲಿ ಇರುತ್ತದೆ. ತುಮಕೂರಿಗೆ ಮುಂಚೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮುಂದೆ ಹೋದರೆ ಒಂಬತ್ತೂವರೆಗೆ ಕೋಟೆ ಬಾಗಿಲಲ್ಲಿ ಇರಬಹುದು.

ಬಸ್ಸಲ್ಲಿ ಹೋಗುವವರಿಗೆ ಮೆಜೆಸ್ಟಿಕ್‌ನಿಂದ ದಾವಣಗೆರೆ, ಹುಬ್ಬಳ್ಳಿ ಕಡೆಯ ಬಸ್ಸುಗಳು ಬೇಕಾದಷ್ಟಿವೆ. ಆದರೆ ದೂರದ ಊರಿನ ಕೆಲವು ಬಸ್ಸುಗಳು ಊರೊಳಗೆ ಬರದೆ ಬೈಪಾಸ್‌ನಲ್ಲೇ ಇಳಿಸಿಬಿಡುತ್ತವೆ. ಹತ್ತುವ ಮೊದಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ.

ಚಿತ್ರದುರ್ಗವನ್ನು ಏಳು ಸುತ್ತಿನ ಕೋಟೆ ಅನ್ನುತ್ತಾರೆ. ಒಳಗೆ ಕಾಲಿಟ್ಟ ಹತ್ತೇ ನಿಮಿಷದಲ್ಲಿ ಅದರ ಅರ್ಥ ಗೊತ್ತಾಗುತ್ತದೆ. ದಾರಿ ಎಲ್ಲೂ ನೇರ ಇಲ್ಲ. ಒಂದು ಬಾಗಿಲು ದಾಟಿದರೆ ಗೋಡೆ ಎದುರಾಗುತ್ತದೆ, ತಿರುಗಬೇಕು, ಮತ್ತೆ ತಿರುಗಬೇಕು. ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗವೇ ಸಿಗದ ಹಾಗೆ ಕಟ್ಟಿದ್ದಾರೆ. ಶುರುವಿನ ಬಾಗಿಲ ಹತ್ತಿರದ ಗೋಡೆಯಲ್ಲಿ ಹೆಡೆ ಎತ್ತಿದ ಸರ್ಪದ ಕೆತ್ತನೆ ಇದೆ, ನಿಂತು ನೋಡಿ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿರುವ ಕಡೆ ಬೆರಳು ಇಟ್ಟು ನೋಡಿ. ನಮ್ಮ ಹುಡುಗಿ ಒಂದು ಕಾಗದದ ಚೂರನ್ನು ಸಂದಿಯೊಳಗೆ ತೂರಿಸಲು ನೋಡಿ ಸೋತಳು.

ಮೇಲೆ ಹೋದಂತೆ ಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳು, ಎಣ್ಣೆ ಕೊಳ, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಸಿಗುತ್ತವೆ. ಎತ್ತರದ ದೀಪಸ್ತಂಭ, ಕಲ್ಲಿನ ಉಯ್ಯಾಲೆ ಕಂಬ ಇರುವ ಬಯಲಿಗೆ ಬಂದಾಗ ಸುತ್ತ ಎಲ್ಲಿ ನೋಡಿದರೂ ಬಂಡೆ, ಬಂಡೆಯ ಮೇಲೆ ಗೋಡೆ, ಗೋಡೆಯ ಕೊನೆಗೆ ಬತೇರಿ. ಇದು ಬೆಟ್ಟದ ಮೇಲೆ ಕಟ್ಟಿದ ಕೋಟೆ ಅನ್ನುವುದಕ್ಕಿಂತ ಬೆಟ್ಟವನ್ನೇ ಹೊಲಿದು ಮಾಡಿದ ಕೋಟೆ ಅನ್ನಬೇಕು.

ಇನ್ನು ನೀರು. ಚಿತ್ರದುರ್ಗ ಮಳೆ ಕಡಿಮೆ ಇರುವ ಸೀಮೆ. ಅಂಥ ಕಡೆ ಬಂಡೆಯ ಮೇಲೆ ಬಿದ್ದ ಒಂದೊಂದು ಹನಿಯನ್ನೂ ಹಿಡಿದಿದ್ದಾರೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರಿನ ಸಂತೆ ಹೊಂಡ. ಒಂದು ತುಂಬಿದ ಮೇಲೆ ಇನ್ನೊಂದು. ಪಂಪ್ ಇಲ್ಲ, ಪೈಪ್ ಇಲ್ಲ. ಬೆಂಗಳೂರಿನಲ್ಲಿ ಬೇಸಿಗೆ ಬಂದರೆ ಟ್ಯಾಂಕರ್‌ಗೆ ಕಾಯುವ ನಮಗೆ ಇದನ್ನು ನೋಡಿದಾಗ ಮನಸ್ಸಿಗೆ ತಟ್ಟದೆ ಇರುವುದಿಲ್ಲ. ಗೋಪಾಲಸ್ವಾಮಿ ಹೊಂಡದ ತನಕ ನಡೆಯದೆ ವಾಪಸ್ ಬರಬೇಡಿ. ಸುಸ್ತಾಯಿತು ಅಂತ ಬಹಳ ಜನ ಅದಕ್ಕೆ ಮುಂಚೆಯೇ ತಿರುಗಿಬಿಡುತ್ತಾರೆ.

ಓಬವ್ವನ ಕಿಂಡಿಗೆ ಸ್ವಲ್ಪ ಕೆಳಗೆ ಇಳಿದು ಹೋಗಬೇಕು. ದಾರಿಯಲ್ಲೇ ತಣ್ಣೀರು ದೋಣಿ ಇದೆ. ಕಾವಲುಗಾರ ಗಂಡ ಊಟಕ್ಕೆ ಕೂತಾಗ ಓಬವ್ವ ನೀರು ತರಲು ಬಂದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವ ಸದ್ದು ಕೇಳಿದಳು, ಕೈಗೆ ಸಿಕ್ಕಿದ್ದು ಒನಕೆ. ಕಥೆ ನಮಗೆಲ್ಲ ಗೊತ್ತು. ಆದರೆ ಆ ಕಿಂಡಿ ಎಷ್ಟು ಇಕ್ಕಟ್ಟು ಅನ್ನುವುದು ಅಲ್ಲಿ ಬಗ್ಗಿ ನಿಂತಾಗಲೇ ಗೊತ್ತಾಗುವುದು. ಒಬ್ಬೊಬ್ಬರೇ, ತಲೆ ಮುಂದೆ ಮಾಡಿ ತೂರಿ ಬರಬೇಕು. ಒಬ್ಬ ಹೆಂಗಸು ಒಂದು ಒನಕೆಯಿಂದ ಸೈನ್ಯ ತಡೆದಳು ಅಂದರೆ ಅದು ಹೇಗೆ ಸಾಧ್ಯವಾಯಿತು ಅಂತ ಮಕ್ಕಳಿಗೆ ಆ ಜಾಗವೇ ಹೇಳಿಕೊಡುತ್ತದೆ. ನವೆಂಬರ್ 11ನ್ನು ಈಗ ಓಬವ್ವ ಜಯಂತಿಯಾಗಿ ಆಚರಿಸುತ್ತಾರೆ.

ಕೋಟೆ ಕೊನೆಗೆ 1779ರಲ್ಲಿ ಹೈದರಾಲಿಯ ಕೈಗೆ ಹೋಯಿತು. ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಹಾಗಾಗಿ ಈ ಎರಡು ಕೋಟೆಗಳನ್ನು ನೋಡುವುದಾದರೆ ಮೊದಲು ಚಿತ್ರದುರ್ಗ, ಆಮೇಲೆ ಶ್ರೀರಂಗಪಟ್ಟಣ ಅಂತ ಇಟ್ಟುಕೊಂಡರೆ ಕಥೆ ಸರಿಯಾಗಿ ಕೂಡಿಕೊಳ್ಳುತ್ತದೆ.

ಅಮ್ಮನೂ ನಮ್ಮ ಜೊತೆ ಬಂದಿದ್ದರು. ಮೊದಲ ಬಾಗಿಲುಗಳ ತನಕ ಕಲ್ಲು ಹಾಸಿದ ಏರು ದಾರಿ, ನಿಧಾನಕ್ಕೆ ಹತ್ತಿದರು. ಏಕನಾಥೇಶ್ವರಿ ಗುಡಿ ಹತ್ತಿರ ನೆರಳಲ್ಲಿ ಕೂತುಬಿಟ್ಟರು. ಮುಂದಿನದು ಅವರಿಗೆ ಆಗುತ್ತಿರಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಇಷ್ಟಕ್ಕೆ ಸಿದ್ಧರಾಗಿ ಹೋಗಿ, ಅವರ ಜೊತೆ ಕೂರಲು ಒಬ್ಬರು ಇರಲಿ.

ಟಿಕೆಟ್ ಕೌಂಟರ್ ಹತ್ತಿರ ಗೈಡ್‌ಗಳು ಸಿಗುತ್ತಾರೆ. ಈ ಒಂದು ಕೋಟೆಗೆ ಗೈಡ್ ತೆಗೆದುಕೊಳ್ಳಿ ಅಂತಲೇ ನನ್ನ ಸಲಹೆ. ದಾರಿಗಳು ಕವಲೊಡೆಯುತ್ತವೆ, ಬೋರ್ಡ್ ನೋಡಿಕೊಂಡು ಹೋದರೆ ಅರ್ಧ ತಪ್ಪಿಹೋಗುತ್ತದೆ. ಹಣ ಮೊದಲೇ ಮಾತಾಡಿಕೊಳ್ಳಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಮಧ್ಯಾಹ್ನ ಊರಲ್ಲಿ ಊಟ ಮಾಡಿ ಇನ್ನೂ ಶಕ್ತಿ ಇದ್ದರೆ ಪಕ್ಕದ ಚಂದ್ರವಳ್ಳಿಗೆ ಹೋಗಿ. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಅದು ಹೇಳುವುದೂ ಒಂದು ಕೆರೆಯ ವಿಷಯವನ್ನೇ. ನಾಯಕರಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಮಾತು. ಅಲ್ಲೇ ಇರುವ ಅಂಕಲಿ ಮಠದ ನೆಲದಡಿಯ ಕೋಣೆಗಳಲ್ಲಿ ಕತ್ತಲು, ಟಾರ್ಚ್ ಇಟ್ಟುಕೊಳ್ಳಿ. ಮೂರೂವರೆಯ ಒಳಗೆ ವಾಪಸ್ ಹೊರಡಿ. ಭಾನುವಾರ ಸಂಜೆ ನೆಲಮಂಗಲದಿಂದ ಈಚೆಗೆ ವಾಹನಗಳು ಹೇಗೆ ನಿಂತುಬಿಡುತ್ತವೆ ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ.

ಶ್ರೀರಂಗಪಟ್ಟಣ: ಎಲ್ಲರನ್ನೂ ಕರೆದುಕೊಂಡು ಹೋಗಬಹುದಾದ ಕೋಟೆ

ಇಲ್ಲಿಗೆ ಸುಮಾರು 125 ಕಿಲೋಮೀಟರ್. ಹತ್ತುವುದು ಏನೂ ಇಲ್ಲ, ಇಡೀ ಕೋಟೆ ಕಾವೇರಿಯ ದ್ವೀಪದಲ್ಲಿ ಸಮತಟ್ಟಾಗಿ ಹರಡಿಕೊಂಡಿದೆ. ಚಿತ್ರದುರ್ಗದಲ್ಲಿ ಬಂಡೆ ಮಾಡಿದ ಕೆಲಸವನ್ನು ಇಲ್ಲಿ ನದಿ ಮಾಡಿದೆ. ಸುತ್ತ ಹರಿಯುವ ಕಾವೇರಿಯೇ ಕಂದಕ. 1799ರ ಮೇ 4ರಂದು ಕೋಟೆ ಬಿದ್ದದ್ದು ಯಾವ ಕಾಲದಲ್ಲಿ ಅಂತ ಗಮನಿಸಿ. ಮಳೆಗಾಲಕ್ಕೆ ಮುಂಚೆ, ಹೊಳೆಯಲ್ಲಿ ನೀರು ತೀರಾ ಕಡಿಮೆ ಇದ್ದಾಗ. ಬ್ರಿಟಿಷರು ನದಿ ದಾಟಿ ಬಂದು ಒಡೆದ ಗೋಡೆಯಿಂದ ಒಳನುಗ್ಗಿದರು. ಟಿಪ್ಪು ಅಂದೇ ಸತ್ತ. ಅವನ ದೇಹ ಸಿಕ್ಕ ಜಾಗಕ್ಕೆ ಕಲ್ಲಿನ ಗುರುತು ಹಾಕಿದ್ದಾರೆ. ಅಲ್ಲಿ ನಿಂತಾಗ ಅಮ್ಮ ಸುಮ್ನೆ ಒಂದೆರಡು ನಿಮಿಷ ಮಾತೇ ಆಡಲಿಲ್ಲ.

ಹೋಗುವುದಾದರೆ ರೈಲಿನಲ್ಲೇ ಹೋಗಿ. ಮೈಸೂರಿಗೆ ಹೋಗುವ ಹಲವು ರೈಲುಗಳು ಇಲ್ಲಿ ನಿಲ್ಲುತ್ತವೆ, ಎಲ್ಲವೂ ನಿಲ್ಲುವುದಿಲ್ಲ. ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ಹಳಿ ಕೋಟೆಯನ್ನು ಸೀಳಿಕೊಂಡೇ ಹೋಗುವುದರಿಂದ ಇಳಿದ ತಕ್ಷಣ ನೀವು ಕೋಟೆಯಲ್ಲೇ ಇರುತ್ತೀರಿ. ಹಳಿ ಜೋಡಿ ಮಾಡುವಾಗ ಅಡ್ಡ ಬಂದ ಟಿಪ್ಪುವಿನ ಶಸ್ತ್ರಾಗಾರವನ್ನು ಒಡೆಯದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. 2017ರಲ್ಲಿ ನಡೆದ ಕೆಲಸ ಇದು. ಒಂದು ಹಳೆಯ ಕಟ್ಟಡಕ್ಕೆ ಇಷ್ಟು ಮರ್ಯಾದೆ ಕೊಟ್ಟದ್ದು ನನಗೆ ತುಂಬಾ ಇಷ್ಟವಾಯಿತು. ಇನ್ನೊಂದು ಲಾಭ, ರೈಲಿನಲ್ಲಿ ಮದ್ದೂರು ವಡೆ ಸಿಗುತ್ತದೆ. ಎಕ್ಸ್‌ಪ್ರೆಸ್‌ವೇ ಮದ್ದೂರನ್ನು ಹೊರಗೆ ಬಿಟ್ಟು ಹೋಗುವುದರಿಂದ ಕಾರಿನವರಿಗೆ ಆ ಭಾಗ್ಯ ಕಡಿಮೆ. ಬೈಕಿನವರು ಗಮನಿಸಿ: 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಬೆಳಿಗ್ಗೆ ಮೊದಲು ರಂಗನಾಥನ ದರ್ಶನ ಮುಗಿಸಿ. ಮಧ್ಯಾಹ್ನ ಗುಡಿ ಬಾಗಿಲು ಹಾಕುತ್ತಾರೆ. ಕಾವೇರಿ ತೀರದ ಮೂರು ರಂಗರಲ್ಲಿ ಇವನೇ ಆದಿರಂಗ. ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ಶ್ರೀರಂಗದಲ್ಲಿ. ಆಮೇಲೆ ಆಟೋ ಮಾಡಿಕೊಂಡು ಕರ್ನಲ್ ಬೈಲಿಯ ಸೆರೆಮನೆ, ನೀರಿನ ಬಾಗಿಲು, ಜುಮ್ಮಾ ಮಸೀದಿ ನೋಡಿ. ಕೋಟೆಯ ಹೊರಗೆ ದರಿಯಾ ದೌಲತ್ ಇದೆ, 1784ರಲ್ಲಿ ಕಟ್ಟಿದ ತೇಗದ ಅರಮನೆ. ಗೋಡೆ ತುಂಬಾ ಪೊಲ್ಲಿಲೂರು ಯುದ್ಧದ ಚಿತ್ರ. 1780ರ ಆ ಯುದ್ಧದಲ್ಲಿ ಬ್ರಿಟಿಷ್ ಸೇನಾಧಿಕಾರಿ ಬೈಲಿ ಹೈದರಾಲಿ, ಟಿಪ್ಪುವಿನ ಸೈನ್ಯಕ್ಕೆ ಸೋತು ಸೆರೆಯಾದ. ಸೆರೆಮನೆಗೆ ಅವನ ಹೆಸರು ಯಾಕೆ ಬಂತು ಅಂತ ಗೋಡೆ ನೋಡಿದ ಮೇಲೆ ಮಕ್ಕಳೇ ಹೇಳುತ್ತಾರೆ.

ಇಲ್ಲಿನ ಕೊರತೆಯನ್ನೂ ಹೇಳಿಬಿಡುತ್ತೇನೆ. ಇದು ಇವತ್ತಿಗೂ ಜನ ಬದುಕುತ್ತಿರುವ ಊರು. ಸ್ಮಾರಕಗಳು ಚೆದುರಿಹೋಗಿವೆ, ನಡುವೆ ಮನೆ, ಅಂಗಡಿ, ರಸ್ತೆ. ಚಿತ್ರದುರ್ಗದ ಹಾಗೆ "ಕೋಟೆಯೊಳಗೆ ಬಂದೆ" ಅನ್ನುವ ಅನುಭವ ಒಮ್ಮೆಗೇ ಸಿಗುವುದಿಲ್ಲ. ಗೋಡೆಯ ಮೇಲೆ ಹತ್ತಿ ನದಿ ಕಡೆ ನೋಡುವ ತಾಣಗಳಲ್ಲಿ ಮಾತ್ರ ಅದು ಸಿಗುತ್ತದೆ. ಇನ್ನೊಂದು ಮುಖ್ಯ ವಿಷಯ. ಹೊಳೆಗೆ ಇಳಿಯಲೇಬೇಡಿ. ಮೇಲೆ ಕೆಆರ್‌ಎಸ್ ಗೇಟ್ ತೆರೆದರೆ ನೀರು ಬೇಗ ಏರುತ್ತದೆ, ಶಾಂತವಾಗಿ ಕಂಡ ಕಡೆಯೂ ಸೆಳೆತ ಇರುತ್ತದೆ.

ಮಧುಗಿರಿ: ಕೋಟೆಗಿಂತ ಬೆಟ್ಟ ಮುಂದೆ

ಕೊರಟಗೆರೆ ಮೇಲೆ ನೂರು ಕಿಲೋಮೀಟರ್ ಚಿಲ್ಲರೆ. ಊರಿನ ನೆತ್ತಿಯ ಮೇಲೆ ಒಂದೇ ಬಂಡೆ ಎದ್ದು ನಿಂತಿದೆ, 3,930 ಅಡಿ ಎತ್ತರದ ಬೆಟ್ಟ. ಬುಡದಲ್ಲಿ ಕೋಟೆ ಬಾಗಿಲು ಚೆನ್ನಾಗಿ ಉಳಿದಿದೆ. ಕೆಳಗಿನ ಅರ್ಧ ಮೆಟ್ಟಿಲು. ಆಮೇಲೆ ಬಂಡೆಯಲ್ಲಿ ಕೊರೆದ ಸಣ್ಣ ಗುಳಿಗಳು, ಹಿಡಿಯಲು ಕಬ್ಬಿಣದ ಸರಳು. ಕೆಲವು ಕಡೆ ಸರಳು ಬಿಟ್ಟರೆ ಬೇರೆ ಆಧಾರ ಇಲ್ಲ. ಎತ್ತರ ಕಂಡರೆ ತಲೆ ತಿರುಗುವವರು ಇಲ್ಲಿಗೆ ಬೇಡ. ಚಿಕ್ಕ ಮಕ್ಕಳೂ ಬೇಡ. ನಾನು ಮುಕ್ಕಾಲು ಹತ್ತಿ ನಿಂತೆ, ಭಾವ ತುದಿಗೆ ಹೋಗಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ ನೋಡಿಕೊಂಡು ಬಂದರು.

ಕೆಳದಿಯ ರಾಣಿ ವೀರಮ್ಮಾಜಿಯನ್ನು ಹೈದರಾಲಿ ಸೆರೆ ಇಟ್ಟದ್ದು ಇದೇ ಕೋಟೆಯಲ್ಲಿ. ಅಷ್ಟು ಎತ್ತರದ ಬಂಡೆ ನೋಡಿದಾಗ ಸೆರೆಗೆ ಈ ಜಾಗವನ್ನೇ ಯಾಕೆ ಆರಿಸಿದ ಅಂತ ಕೇಳಬೇಕಿಲ್ಲ. 1767ರಲ್ಲಿ ಮರಾಠರು ಬಂದು ಬಿಡಿಸಿದರು.

ಹತ್ತಿ ಇಳಿಯಲು ನಾಲ್ಕು ಗಂಟೆಯಾದರೂ ಬೇಕು. ಏಳಕ್ಕೆ ಹತ್ತಲು ಶುರು ಮಾಡಿದರೆ ಹನ್ನೊಂದಕ್ಕೆ ಕೆಳಗಿರಬಹುದು. ಬಿಸಿಲು ಏರಿದ ಮೇಲೆ ಆ ಬಂಡೆ ಕಾದ ಹೆಂಚು. ಮಳೆ ಬಂದ ದಿನ ಹೋಗಲೇಬೇಡಿ. ಹಿಡಿತ ಇರುವ ಶೂ ಹಾಕಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ.

ಇದೇ ಥರದ ಹತ್ತುವ ಕೋಟೆ ಇನ್ನೂ ಹತ್ತಿರ ಬೇಕು ಅಂದರೆ ಮಾಗಡಿ ಕಡೆಯ ಸಾವನದುರ್ಗ ಇದೆ, ಸುಮಾರು 50 ಕಿಲೋಮೀಟರ್. ಮಾಗಡಿ ಕೆಂಪೇಗೌಡರ ವಂಶದವರ ಕೋಟೆ, 1791ರ ಡಿಸೆಂಬರ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೈನ್ಯ ಹಿಡಿದದ್ದು. ಈಗ ಗೋಡೆಗಿಂತ ಬಂಡೆಯೇ ಜಾಸ್ತಿ ಕಾಣುತ್ತದೆ. ಕಾಡಿನ ಜಾಗವಾದ್ದರಿಂದ ಅರಣ್ಯ ಇಲಾಖೆಯ ಬುಕಿಂಗ್ ನೋಡಿಕೊಂಡೇ ಹೊರಡಿ.

ಗುಡಿಬಂಡೆ: ಮಧ್ಯದ ದಾರಿ

ಚಿತ್ರದುರ್ಗ ದೂರ, ಮಧುಗಿರಿ ಭಯ ಅನ್ನುವ ಮನೆಯವರಿಗೆ ಗುಡಿಬಂಡೆ ಸರಿಹೋಗುತ್ತದೆ. ಚಿಕ್ಕಬಳ್ಳಾಪುರ ದಾಟಿ ಪೇರೇಸಂದ್ರದಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಬೇಕು. ಬೆಂಗಳೂರಿನಿಂದ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಪಾಳೇಗಾರ ಬೈರೇಗೌಡ 17ನೇ ಶತಮಾನದಲ್ಲಿ ಕಟ್ಟಿದ ಕೋಟೆ. ಮೆಟ್ಟಿಲಿದೆ, ಮುಕ್ಕಾಲು ಗಂಟೆಯಲ್ಲಿ ಮಕ್ಕಳೂ ಹತ್ತುತ್ತಾರೆ. ಬಂಡೆಯ ಸಂದಿಗಳಲ್ಲಿ ಮಳೆನೀರು ಹಿಡಿಯುವ 19 ಕೊಳಗಳು, ತುದಿಯಲ್ಲಿ ಶಿವನ ಗುಡಿ, ಕೆಳಗೆ ಅಮಾನಿ ಬೈರಸಾಗರ ಕೆರೆ. ಅರ್ಧ ದಿನಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಊಟಕ್ಕೆ ಅಲ್ಲಿ ದೊಡ್ಡ ಹೋಟೆಲ್ ನಂಬಿಕೊಂಡು ಹೋಗಬೇಡಿ, ಬುತ್ತಿ ಕಟ್ಟಿಕೊಳ್ಳಿ.

ಅದೇ ದಿಕ್ಕಿನ ನಂದಿಬೆಟ್ಟವೂ ಕೋಟೆಯೇ. 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷರು ಅದನ್ನು ಹಿಡಿದರು. ಆದರೆ ವಾರದ ಕೊನೆಯಲ್ಲಿ ಅಲ್ಲಿ ಕಾಣುವುದು ವಾಹನಗಳ ಸಾಲು. ಕೋಟೆ ನೋಡುವ ಉದ್ದೇಶಕ್ಕೆ ಶನಿವಾರ, ಭಾನುವಾರ ನಂದಿಗೆ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬುಡದ ಭೋಗನಂದೀಶ್ವರ ಗುಡಿ ಮಾತ್ರ ಯಾವಾಗ ಹೋದರೂ ಚೆಂದ.

ಅರ್ಧ ದಿನ ಇದ್ದರೆ

ದೇವನಹಳ್ಳಿಗೆ ಬಿಎಂಟಿಸಿ ಬಸ್ಸೇ ಹೋಗುತ್ತದೆ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿದ ಮಣ್ಣಿನ ಕೋಟೆ. ಮುಂದೆ ಹೈದರಾಲಿ ಕಾಲದಲ್ಲಿ ಕಲ್ಲಿನದಾಯಿತು. ದುಂಡು ಬತೇರಿಗಳು ಚೆನ್ನಾಗಿ ಉಳಿದಿವೆ, ಗೋಡೆಯ ಮೇಲೆ ಸ್ವಲ್ಪ ದೂರ ನಡೆಯಬಹುದು. ಒಳಗೆ ವೇಣುಗೋಪಾಲಸ್ವಾಮಿ ಗುಡಿ, ಕೋಟೆಯ ಹತ್ತಿರದಲ್ಲೇ ಟಿಪ್ಪು ಹುಟ್ಟಿದ ಜಾಗದ ಗುರುತು. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಕಾಲ ಇದ್ದರೆ ದೇವನಹಳ್ಳಿ ಚಕ್ಕೋತ ಕೊಂಡು ಬನ್ನಿ. ವಿಮಾನ ನಿಲ್ದಾಣಕ್ಕೆ ನೆಂಟರನ್ನು ಬಿಡಲು ಹೋದ ದಿನವೇ ಇದನ್ನು ನೋಡಿ ಬರಬಹುದು, ಅಲ್ವಾ?

ಅದಕ್ಕೂ ಹೊತ್ತಿಲ್ಲ ಅಂದರೆ ಹಸಿರು ಮಾರ್ಗದ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಿರಿ. 1537ರಲ್ಲಿ ಕೆಂಪೇಗೌಡರು ಮಣ್ಣಿನಲ್ಲಿ ಕಟ್ಟಿದ, 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಮಾಡಿಸಿದ ಬೆಂಗಳೂರು ಕೋಟೆಯ ಒಂದು ತುಂಡು ಅಲ್ಲೇ ನಿಂತಿದೆ. ಹೂವು ಕೊಳ್ಳಲು ನೂರು ಸಲ ಅದರ ಪಕ್ಕದಲ್ಲೇ ಹೋಗಿರುತ್ತೇವೆ, ಒಳಗೆ ಹೋಗಿರುವುದಿಲ್ಲ. ದೂರದ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಹಿಂದಿನ ವಾರ ಇಲ್ಲಿಗೊಮ್ಮೆ ಕರೆದುಕೊಂಡು ಬನ್ನಿ. ಬಾಗಿಲು ಯಾಕೆ ತಿರುಗುತ್ತದೆ ಅಂತ ಇಲ್ಲಿ ತೋರಿಸಿದರೆ ಚಿತ್ರದುರ್ಗದಲ್ಲಿ ಅವರೇ ನಿಮಗೆ ತೋರಿಸುತ್ತಾರೆ.

ಬೀದರ್ ಕೋಟೆ, ಮಂಜರಾಬಾದ್ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಬೀದರ್ ಒಂದು ದಿನದ ಮಾತೇ ಅಲ್ಲ. ಸಕಲೇಶಪುರದ ಮಂಜರಾಬಾದ್ ನಕ್ಷತ್ರದ ಆಕಾರದ ಅಪರೂಪದ ಕೋಟೆ. ಆದರೆ ಅಷ್ಟು ದೂರ ಹೋಗಿ ಅದೇ ದಿನ ತಿರುಗಿ ಬಂದರೆ ಮಲೆನಾಡಿಗೆ ಅನ್ಯಾಯ. ಅಲ್ಲಿ ಒಂದು ರಾತ್ರಿ ಉಳಿಯಿರಿ.

ಕಾಲದ ವಿಷಯಕ್ಕೆ ಬಂದರೆ ಅಕ್ಟೋಬರ್‌ನಿಂದ ಫೆಬ್ರವರಿ ಎಲ್ಲದಕ್ಕೂ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಚಿತ್ರದುರ್ಗಕ್ಕೂ ಶ್ರೀರಂಗಪಟ್ಟಣಕ್ಕೂ ಶಾಲೆ ಪ್ರವಾಸದ ಬಸ್ಸುಗಳು ಸಾಲಾಗಿ ಬರುತ್ತವೆ. ಹತ್ತು ಗಂಟೆಗೆ ಮೊದಲು ಒಳಗಿದ್ದರೆ ನೆಮ್ಮದಿ. ಕೋತಿಗಳ ಕಾಟ ಎಲ್ಲ ಬೆಟ್ಟದ ಕೋಟೆಗಳಲ್ಲೂ ಇದೆ. ತಿಂಡಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆಯಬೇಡಿ, ಚೀಲದೊಳಗೆ ಇರಲಿ. ಹೊಂಡಗಳಿಗೆ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ ಅಂತ ಜೊತೆಯವರಿಗೆ ದಯವಿಟ್ಟು ಹೇಳಿ. ಗೋಪಾಲಸ್ವಾಮಿ ಹೊಂಡದ ಅಂಚಿನಲ್ಲಿ ತೇಲುತ್ತಿದ್ದ ಬಾಟಲಿಗಳನ್ನು ನೋಡಿ ಆ ದಿನ ನನಗೆ ತುಂಬಾ ಬೇಜಾರಾಯಿತು. ಕೈಗೆ ಎಟುಕಿದ ನಾಲ್ಕನ್ನು ನಮ್ಮ ಹುಡುಗಿ ಕಡ್ಡಿಯಿಂದ ಎಳೆದು ಚೀಲಕ್ಕೆ ಹಾಕಿಕೊಂಡಳು.

ಗುಡಿಬಂಡೆಗೆ ನಾವು ಹೋದದ್ದು ಫೆಬ್ರವರಿ ಕೊನೆಯಲ್ಲಿ. ಕೊಳಗಳಲ್ಲಿ ಅರ್ಧಕ್ಕರ್ಧ ಒಣಗಿದ್ದವು. ಈ ಸಲ ಮಳೆ ನಿಂತ ಮೊದಲ ವಾರದಲ್ಲೇ ಮತ್ತೆ ಹೋಗಬೇಕು, ಹತ್ತೊಂಬತ್ತನ್ನೂ ಎಣಿಸಬೇಕು ಅಂತ ಅವಳು ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದಾಳೆ.